ತಾಟು ಬಡಿಯುತ್ತಿದ್ದ ಅಕ್ಕೋರು

ಆಗ ನನಗೆ ಐವತ್ತಾರು. ಹದಿಮೂರು ವರ್ಷದ ಹಿಂದಿನ ಮಾತು. ಮೊನ್ನೆ ಮಗ್ಗದ ಕೋಣೆಯ ಅಟ್ಟ ಸ್ವಚ್ಛ ಮಾಡುವಾಗ, ನೂಲು ಬಿಚ್ಚಿದ ಮೇಲೆ ಉಳಿಯುವ ಖಾಲಿ ಕೋನುಗಳ ಚೀಲದೊಳಗೆ ಒಂದು ಗಾಜಿನ ಕೊಳವೆ ಸಿಕ್ಕಿತು. ಗೇಣಿಗಿಂತ ಸಣ್ಣದು, ಬುಡ ದುಂಡಗೆ. ತಾನಾಗಿ ನಿಲ್ಲುವ ಸಾಮಾನಲ್ಲ ಅದು. ಕಾಗದದ ಕೋನಿನ ತಲೆಯ ತೂತಿನಲ್ಲಿ ಇಳಿಬಿಟ್ಟರೆ ಮಾತ್ರ ನೆಟ್ಟಗೆ ನಿಲ್ಲುತ್ತದೆ. ಬುಡದಲ್ಲಿ ಕೆಂಪು ಒಣಗಿ ಕಂದಾಗಿತ್ತು. ಮೂಸಿ ನೋಡಿದೆ. ಧೂಳು ಬಿಟ್ಟರೆ ಏನೂ ವಾಸನೆ ಇರಲಿಲ್ಲ... ಆದರೂ ಬಾಜು ಮನೆಯ ಟೀಚರು, ನಮ್ಮ ಅಕ್ಕೋರು, ನೆನಪಾದರು.

ನಾನು ಮೂರನೇ ಇಯತ್ತೆಯವರೆಗೆ ಶಾಲೆಗೆ ಹೋದವಳು. ಬರೆಯುತ್ತೇನೆ, ಆದರೆ ಅಕ್ಷರ ದೊಡ್ಡದಾಗಿ, ಸಾಲು ಸೊಟ್ಟಾಗಿ ಬರುತ್ತದೆ. ತಪ್ಪಿದ್ದನ್ನು ಸೊಸೆ ತಿದ್ದಿದ್ದಾಳೆ. ಹೇಳಿದ್ದು ಮಾತ್ರ ನನ್ನದೇ.

ನಮ್ಮದು ಬನಹಟ್ಟಿ. ನಮ್ಮ ಓಣಿಯಲ್ಲಿ ಮಗ್ಗ ಇಲ್ಲದ ಮನೆ ಅಂದರೆ ಅಕ್ಕೋರದು ಒಂದೇ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಈ ಕಡೆ ನಮ್ಮ ನಾಲ್ಕು ಕರೆಂಟಿನ ಮಗ್ಗ, ಆ ಕಡೆ ಅವರ ಪಡಸಾಲೆ. ಮುಧೋಳದ ಕಡೆ ಒಂದು ಹೈಸ್ಕೂಲಿನಲ್ಲಿ ರಸಾಯನ ಕಲಿಸಿ, ನಿವೃತ್ತಿಯಾಗಿ, ತವರಿನ ಮನೆಗೆ ಬಂದು ಒಬ್ಬರೇ ಇದ್ದರು. ಮದುವೆ ಆಗಿರಲಿಲ್ಲ. ಯಾಕೆ ಎಂದು ಒಮ್ಮೆ ಕೇಳಿದ್ದೆ. ‘ವ್ಯಾಳ್ಯಾ ಸಿಗಲಿಲ್ಲಬೇ’ ಅಂದಿದ್ದರು, ಬಜಾರಕ್ಕೆ ಹೋಗಲು ಹೊತ್ತು ಸಿಗಲಿಲ್ಲ ಅನ್ನುವವರ ಹಾಗೆ. ತೆಳ್ಳಗೆ, ಉದ್ದಕ್ಕೆ, ಬಿಸಿಲಿರಲಿ ಇಲ್ಲದಿರಲಿ ಕೈಯಲ್ಲಿ ಛತ್ರಿ. ಅವರ ಚಹಾ ಬರೀ ಬಿಸಿನೀರು. ನಾಲಿಗೆ ಮಾತ್ರ ಖಡಕ್.

ಅವರು ಮನೆಯಲ್ಲಿ ಪಾಠ ಹೇಳುತ್ತಿದ್ದರು. ಆದರೆ ಹತ್ತನೇ ಇಯತ್ತೆಯಲ್ಲಿ ನಪಾಸಾದವರಿಗೆ ಮಾತ್ರ. ಒಮ್ಮೆ ರಬಕವಿಯ ಒಬ್ಬ ನೂಲಿನ ವ್ಯಾಪಾರಿ, ಮಗಳಿಗೆ ಇನ್ನೂ ಹೆಚ್ಚು ಅಂಕ ಬರಲಿ ಎಂದು ಕರೆದುಕೊಂಡು ಬಂದ. ‘ಪಾಸಾದಾಕಿಗಿ ನಾ ಏನ ಹೇಳ್ಲಿ? ನಪಾಸಾದ್ರ ಕರಕೊಂಡ ಬಾ’ ಎಂದು ಹೊರಗಿನಿಂದಲೇ ಕಳಿಸಿದರು. ಆತ ಓಣಿ ದಾಟುವವರೆಗೂ ಬೈದುಕೊಳ್ಳುತ್ತಲೇ ಹೋದ. ಅಕ್ಕೋರಿಗೆ ಫೀ ಅಂದರೆ ನಳದಿಂದ ತಂದ ಒಂದು ಕೊಡ ನೀರು, ಮತ್ತು ಮನೆಯಲ್ಲಿ ಬಿದ್ದಿರುವ ಖಾಲಿ ಕೋನುಗಳು. ನೀರು ಅವರ ಕರಿಬೇವಿನ ಗಿಡಕ್ಕೆ, ಕೋನು ಗಾಜಿನ ಕೊಳವೆ ನಿಲ್ಲಿಸಲಿಕ್ಕೆ.

ನನ್ನ ಸೊಸೆ ಬೀಳಗಿ ಕಡೆಯ ಒಕ್ಕಲುತನದ ಮನೆಯವಳು. ಹೊಲದಲ್ಲಿ ಇಬ್ಬರ ಕೆಲಸ ಮಾಡುತ್ತಾಳೆ, ಸುಳ್ಳಲ್ಲ. ಆದರೆ ಮಗ್ಗದ ಮುಂದೆ ನಿಲ್ಲಿಸಿದರೆ ಎಳೆ ಹರಿಯುತ್ತಿತ್ತು. ಹರಿದ ಎಳೆ ಹುಡುಕುವುದರೊಳಗೆ ಮತ್ತೊಂದು. ಆಕೆ ಒಂದು ಮಗ್ಗ ನಡೆಸಿದರೆ ಹಿಂದೆ ನಿಂತು ಗಂಟು ಹಾಕಲಿಕ್ಕೆ ನಾನೊಬ್ಬಳು ಬೇಕು. ಹತ್ತನೇ ಇಯತ್ತೆಯಲ್ಲಿ ಆಕೆಗೆ ವಿಜ್ಞಾನ ಒಂದು ಉಳಿದಿತ್ತು. ಅದರಲ್ಲೂ ರಸಾಯನ ಬಂತೆಂದರೆ ಉತ್ತರಪತ್ರಿಕೆ ಖಾಲಿ ಬಿಟ್ಟು ಎದ್ದು ಬಂದಿದ್ದಳಂತೆ. ಅಷ್ಟರಲ್ಲಿ ನಮ್ಮ ಓಣಿಯ ಅಂಗನವಾಡಿಯ ಟೀಚರಮ್ಮ ಮುಂದಿನ ವರ್ಷ ನಿವೃತ್ತಿ ಆಗುತ್ತಾಳೆ ಎಂಬ ಸುದ್ದಿ ಬಂತು. ಆ ಜಾಗಕ್ಕೆ ಬರುವವಳು ಅದೇ ವಾರ್ಡಿನ ಸೊಸೆ ಇರಬೇಕು, ಹತ್ತನೇ ಇಯತ್ತೆ ಪಾಸಾಗಿರಬೇಕು. ಅದಕ್ಕಿಂತ ಮೊದಲು ಒಂದೇ ಪರೀಕ್ಷೆ ಬರುವುದಿತ್ತು. ಅದು ತಪ್ಪಿದರೆ ಆ ಜಾಗ ಬೇರೆಯವರದು, ಇನ್ನು ಇಪ್ಪತ್ತು ವರ್ಷ ಖಾಲಿ ಆಗುವುದಿಲ್ಲ. ನನಗೆ ಓದಿನ ಮೇಲೆ ಪ್ರೀತಿ ಏನೂ ಇರಲಿಲ್ಲ. ಆಕೆ ಪಾಸಾದರೆ ನನ್ನ ಎಳೆ ಉಳಿಯುತ್ತವೆ ಎಂದುಕೊಂಡು ನಾನೇ ಅಕ್ಕೋರ ಹತ್ತಿರ ಕರೆದುಕೊಂಡು ಹೋದೆ.

‘ಹೆಂಗ ನಪಾಸ ಆದಿಬೇ?’ ಎಂದು ಕೇಳಿದರು.

‘ತಿಳೀಲಿಲ್ಲರೀ’ ಅಂದಳು.

‘ಛಲೋ ಆತು. ತಿಳದು ನಪಾಸ ಆದವ್ರು ಬಾಳ ತ್ರಾಸ ಕೊಡತಾರ. ನಾಳಿ ಕೊಡ ತಗೊಂಡ ಬಾ.’

ಮಗ್ಗದ ಊರಿನಲ್ಲಿ ಪಾಠ ಹೇಳುವುದು ಹೇಗೆಂದು ಹೊರಗಿನವರಿಗೆ ತಿಳಿಯುವುದಿಲ್ಲ. ಮಗ್ಗ ನಡೆಯುವಾಗ ಕಿವಿಯಲ್ಲಿ ಬಾಯಿಟ್ಟು ಕೂಗಿದರೂ ಕೇಳಿಸುವುದಿಲ್ಲ. ನಾವೆಲ್ಲ ಕೈಸನ್ನೆಯಲ್ಲೇ ಮಾತಾಡುವವರು. ಅನ್ನ, ನೀರು, ಬೀಗರು ಬಂದರು, ಸಾಲಗಾರ ಬಂದ, ಎಲ್ಲಕ್ಕೂ ಸನ್ನೆ ಇದೆ. ಅದಕ್ಕೇ ಅಕ್ಕೋರು ಕರೆಂಟ್ ಹೋಗುವುದನ್ನು ಕಾಯುತ್ತಿದ್ದರು. ಆಗ ದಿನಾ ಹೋಗುತ್ತಿತ್ತು, ಇಂಥ ಹೊತ್ತಿಗೇ ಎಂದು ಇರಲಿಲ್ಲ. ಹೋದ ಕೂಡಲೇ ಓಣಿ ಗಪ್ ಆಗುತ್ತಿತ್ತು. ನಾವು ಕರೆಂಟಿನವರಿಗೆ ಶಾಪ ಹಾಕುತ್ತಿದ್ದೆವು. ಅಕ್ಕೋರು ಹೊರಗೆ ಬಂದು ಸ್ಟೀಲಿನ ತಾಟನ್ನು ಸೌಟಿನಿಂದ ಬಡಿಯುತ್ತಿದ್ದರು. ಆ ಸಪ್ಪಳಕ್ಕೆ ನಪಾಸಾದವರು ಮಗ್ಗದ ಕೋಣೆಗಳಿಂದ, ಹಿತ್ತಲಿನಿಂದ ಎದ್ದು ಬರುತ್ತಿದ್ದರು. ಯಾವ ಮನೆಯಲ್ಲಿ ಯಾರು ನಪಾಸಾಗಿದ್ದಾರೆ ಎಂದು ಇಡೀ ಓಣಿಗೆ ಗೊತ್ತಾದದ್ದು ಆ ತಾಟಿನಿಂದಲೇ.

ಕರೆಂಟ್ ಇಲ್ಲದಾಗ ನಾನು ಗೋಡೆಗೆ ಒರಗಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಹೊಂದಿಸುತ್ತ ಕೂರುತ್ತಿದ್ದೆ. ಆ ಕಡೆಯ ಮಾತು ಕೇಳಿಸುತ್ತಿತ್ತು. ಎರಡು ಬಣ್ಣದ ಎಳೆ ಕೂಡಿಸಿ ಹೊಸೆದರೆ ಅದು ಮಿಶ್ರಣ, ಬಿಚ್ಚಿದರೆ ಬೇರೆ ಆಗುತ್ತದೆ. ಅದನ್ನೇ ಸುಟ್ಟರೆ ಬೂದಿ, ಬೂದಿಯಿಂದ ಎಳೆ ತೆಗೆಯಲು ಬರುವುದಿಲ್ಲ. ಹೀಗೆ ಹೇಳುತ್ತಿದ್ದರು. ಸಮೀಕರಣ ಅಂತ ಒಂದು ಇತ್ತು. ಬಾಣದ ಈ ಕಡೆ ಎಷ್ಟಿವೆಯೋ ಆ ಕಡೆಯೂ ಅಷ್ಟೇ ಇರಬೇಕಂತೆ. ‘ಹಾಸಿಗೂ ಹೊಕ್ಕಿಗೂ ಹಾಕಿದ ನೂಲು ಸೀರಿಯೊಳಗ ಇರಬೇಕೋ ಬ್ಯಾಡೋ? ನಡುವ ಯಾರರೇ ತಿಂತಾರೇನಬೇ?’ ಎಂದು ಕೇಳುತ್ತಿದ್ದರು.

ನೀರಿನ ಪಾಠದ ದಿನ ನನ್ನ ಸೊಸೆಯನ್ನು ನಡುವೆ ನಿಲ್ಲಿಸಿ ಆಕ್ಸಿಜನ್ ಮಾಡಿದರು. ಆಕ್ಸಿಜನ್ನಿಗೆ ಎರಡು ಕೈ, ಹೈಡ್ರೋಜನ್ನಿಗೆ ಒಂದೇ ಕೈ ಅಂತ ಲೆಕ್ಕ. ಇಬ್ಬರು ಹುಡುಗಿಯರು ಆಕೆಯ ಒಂದೊಂದು ಕೈ ಹಿಡಿದು ಹೈಡ್ರೋಜನ್ ಆಗಿ ನಿಂತರು. ಅಷ್ಟರಲ್ಲಿ ಕರೆಂಟ್ ಬಂತು. ಹೈಡ್ರೋಜನ್ ಎರಡೂ ಕೈಬಿಟ್ಟು ತಮ್ಮ ತಮ್ಮ ಮನೆಗೆ ಓಡಿದವು. ಆಕ್ಸಿಜನ್ನನ್ನು ನಾನೇ ಕರೆದೆ.

ಅದು ನಮ್ಮಲ್ಲಿ ರೂಢಿ. ಕರೆಂಟ್ ಬಂದರೆ ಉಣ್ಣುವ ತಾಟು ಬಿಟ್ಟು ಏಳುತ್ತೇವೆ. ಹೆಣದ ಮನೆ ಬಿಟ್ಟರೆ ಬೇರೆಲ್ಲೂ ಯಾರೂ ಕೂತಿರುವುದಿಲ್ಲ. ಆದ್ದರಿಂದ ಅಕ್ಕೋರ ಪಾಠಗಳೆಲ್ಲ ಕರೆಂಟ್ ಎಲ್ಲಿ ಬಂತೋ ಅಲ್ಲಿಗೆ ಮುರಿಯುತ್ತಿದ್ದವು. ಮರುದಿನ ಅವರು ಮುಂದಿನ ಪಾಠದಿಂದ ಶುರು ಮಾಡುತ್ತಿದ್ದರು. ಅರ್ಧ ಕೇಳಿದವರಿಗೆ ಅರ್ಧವೇ ಪಾಠ ಅನ್ನಿಸುತ್ತಿತ್ತು.

ಇದು ಗೊತ್ತಾದದ್ದು ಪರೀಕ್ಷೆಗೆ ಎರಡು ತಿಂಗಳು ಇರುವಾಗ. ಅಕ್ಕೋರು ಮನೆಯಲ್ಲೇ ಒಂದು ಪರೀಕ್ಷೆ ಇಟ್ಟಿದ್ದರು. ಆಮ್ಲ ಮತ್ತು ಪ್ರತ್ಯಾಮ್ಲ ಕೂಡಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ನನ್ನ ಸೊಸೆ ‘ಆಮ್ಲ, ಪ್ರತ್ಯಾಮ್ಲ’ ಎಂದು ಬರೆದು, ಬಾಣ ಎಳೆದು, ನಿಲ್ಲಿಸಿದ್ದಳು.

‘ಮುಂದ ಏನಬೇ?’

‘ಮುಂದ ಕರೆಂಟ್ ಬಂತರೀ ಅಕ್ಕೋರ.’

ಉಳಿದ ಐದಾರು ಮಂದಿಯೂ ಬಾಣದ ಹತ್ತಿರವೇ ನಿಂತಿದ್ದರಂತೆ. ಅಕ್ಕೋರು ಆ ಹಾಳೆ ಹಿಡಿದುಕೊಂಡು ನೇರ ನಮ್ಮ ಮನೆಗೆ ಬಂದರು. ಮಗ್ಗ ನಡೆಯುತ್ತಿತ್ತು. ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಹೋದರು.

‘ಕರೆಂಟ್ ಬಂದ್ರೂ ಪಾಠ ಮುಗಿಯೂತನ ನಿನ್ನ ಮಗ್ಗ ನಿಲ್ಸು. ಉಳಿದವ್ರವು ದೂರ ಅದಾವ, ನಾ ಒದರಿ ಹೇಳ್ತೀನಿ. ನಿನ್ನವು ನನ್ನ ಗೋಡಿಗೇ ಅದಾವ.’

‘ಆಗೂದಿಲ್ಲರೀ. ಕರೆಂಟ್ ಬಂದ್ರ ಮಗ್ಗ ನಡೀಬೇಕು.’

‘ಅರ್ಧಾ ತಾಸು ನಿಂತ್ರ ನಿನ್ನ ಸೀರಿ ಹಳಸತಾವೇನು?’

‘ಅರ್ಧಾ ಪಾಠಾ ಹೇಳಿದ್ರ ನಿಮ್ಮ ರಸಾಯನ ಹಳಸತೈತೇನು?’

ಅಕ್ಕೋರು ನನ್ನನ್ನು ನೋಡಿದರು. ‘ಹೌದು, ಹಳಸತೈತಿ’ ಅಂದು ಹೋದರು. ನಾನು ಒಳಗೆ ಬಂದು ಮಗ್ಗ ನಡೆಸಿದೆ. ಅದರಲ್ಲಿ ನನ್ನ ತಪ್ಪೇನೂ ಇರಲಿಲ್ಲ. ಸೀರೆ ಕೊಡುವ ದಿನ ನಿಶ್ಚಯ ಆಗಿತ್ತು, ಮಗ ರಾತ್ರಿ ನಡೆಸುತ್ತಿದ್ದ, ಹಗಲು ನಾನು. ಇವತ್ತು ಬಂದು ಕೇಳಿದರೂ ಅದನ್ನೇ ಹೇಳುತ್ತೇನೆ.

ಬೇಸಿಗೆ ಹತ್ತಿರ ಬಂತು. ಅದೇನು ಮಾಡಿದರೋ, ಕರೆಂಟ್ ಹೋಗುವುದು ಕಡಿಮೆಯಾಯಿತು. ಹೊಸ ತಂತಿ ಎಳೆದಿದ್ದಾರೆ ಅಂದರು. ಓಣಿಯವರೆಲ್ಲ ಖುಷಿ. ಅಕ್ಕೋರು ಮಾತ್ರ ಕಟ್ಟೆಯ ಮೇಲೆ ತಾಟು ಇಟ್ಟುಕೊಂಡು ಮೋಡ ನೋಡುವ ರೈತನ ಹಾಗೆ ಕಂಬ ನೋಡುತ್ತ ಕೂರುತ್ತಿದ್ದರು. ವಾರಕ್ಕೆ ಒಂದು ಪಾಠ ಆಗುವುದೂ ಕಷ್ಟವಾಯಿತು. ನನ್ನ ಸೊಸೆ ಪುಸ್ತಕವನ್ನು ಮಗ್ಗದ ಮೇಲೆ ಇಟ್ಟು ಓದಲು ಹೋಗಿ ಎಳೆ ಇನ್ನೂ ಹೆಚ್ಚು ಹರಿದಳು. ‘ಅತ್ತಿ, ನನಗ ಆಗೂದಿಲ್ಲ. ಈ ಸಲಾನೂ ಬಾಣದ ಮುಂದ ಏನೂ ಬರೂದಿಲ್ಲ’ ಅಂದಳು. ಅಳಲಿಲ್ಲ. ಅತ್ತಿದ್ದರೆ ಬೈಯಬಹುದಿತ್ತು.

ಒಂದು ಮಧ್ಯಾಹ್ನ. ಕರೆಂಟ್ ಚೆನ್ನಾಗಿ ಇತ್ತು, ಓಣಿಯ ಮಗ್ಗಗಳೆಲ್ಲ ಬಡಿಯುತ್ತಿದ್ದವು. ನಾನು ಕಂಡಿಕೆ ಬದಲಿಸಲು ಒಂದು ಮಗ್ಗ ನಿಲ್ಲಿಸಿ ಬಾಗಿಲ ಕಡೆ ತಿರುಗಿದೆ. ಅಕ್ಕೋರು ಕಟ್ಟೆಯ ಮೇಲೆ ನಿಂತು ತಾಟು ಬಡಿಯುತ್ತಿದ್ದರು. ಸೌಟು ಏಳುವುದು ಬೀಳುವುದು ಕಾಣುತ್ತಿತ್ತು, ಸಪ್ಪಳ ಕೇಳಿಸುತ್ತಿರಲಿಲ್ಲ. ಮೊದಲು ಸಿಟ್ಟು ಬಂತು. ನನಗೆ ಬುದ್ಧಿ ಕಲಿಸಲು ಮಾಡುತ್ತಿದ್ದಾರೆ ಎಂದುಕೊಂಡು ಹೊರಗೆ ಹೋದೆ.

‘ಅಕ್ಕೋರ, ಕರೆಂಟ್ ಐತ್ರಿ’ ಎಂದು ಒದರಿದೆ.

ಅವರು ನನ್ನ ಬಾಯಿ ನೋಡಿದರು. ‘ಹೌದು ಹೋಗೇತಿ. ನೋಡು, ಎಲ್ಲಾ ಗಪ್ ಆಗೇತಿ. ನಿನ್ನ ಸೊಸಿನ್ನ ಕಳಿಸು’ ಅಂದರು.

ನನ್ನ ಮೂರು ಮಗ್ಗ ಬೆನ್ನ ಹಿಂದೆ ಬಡಿಯುತ್ತಿದ್ದವು. ಎದುರಿನ ಮನೆಯವು ಬಡಿಯುತ್ತಿದ್ದವು. ಅವರಿಗೆ ಎಲ್ಲಾ ಗಪ್... ಮಗ್ಗದ ಓಣಿಯಲ್ಲಿ ಕಿವಿ ಹೋಗುವುದು ಹೊಸದೇನಲ್ಲ. ನನ್ನ ಅತ್ತೆಗೂ ಹೋಗಿತ್ತು, ಮೊದಲು ಮೆಲ್ಲಗೆ, ಆಮೇಲೆ ಒಂದು ದಿನ ಪೂರ್ತಿಯಾಗಿ. ಹೇಳೋಣ ಅಂದರೆ, ಕಿವಿ ಹೋಗಿದೆ ಅಂತ ಹೇಳಿದರೆ ಕೇಳಿಸಬೇಕಲ್ಲ. ತಾಟು ಕಂಡ ಹುಡುಗಿಯರು ಅಷ್ಟರಲ್ಲಿ ಬಂದು ಪಡಸಾಲೆಯಲ್ಲಿ ಚಾಪೆ ಹಾಸಿದ್ದರು. ನಾನು ಒಳಗೆ ಹೋದೆ. ಉಳಿದ ಮೂರೂ ಮಗ್ಗ ಬಂದ್ ಮಾಡಿದೆ. ಸೊಸೆಯನ್ನು ಕಳಿಸುವಾಗ, ‘ಯಾರೂ ಹೇಳಬ್ಯಾಡ್ರಿ ಆಕಿಗಿ. ಪಾಠ ಕೇಳಿ ಬರ್ರಿ’ ಎಂದೆ.

ಎದುರು ಮನೆಯ ಮಗ್ಗದವನು ಬಾಗಿಲಿಗೆ ಬಂದು, ‘ಯಾಕ ದೊಡ್ಡವ್ವ, ಕರೆಂಟ್ ಇದ್ರೂ ನಿಲ್ಸಿದಿ? ಉಪಾಸೇನು ಮಗ್ಗಕ್ಕ?’ ಅಂದ.

‘ಹೌದು, ಉಪಾಸ. ನಿನಗೇನಾತು, ನಿನ್ನ ಮಗ್ಗ ನೋಡ್ಕೊ ಹೋಗಲೇ’ ಎಂದೆ.

ಅಂದಿನಿಂದ ಅಕ್ಕೋರಿಗೆ ಕಂಬ ನೋಡುವ ಕೆಲಸ ಉಳಿಯಲಿಲ್ಲ. ದಿನಾ ಮಧ್ಯಾಹ್ನ ತಾಟು. ದಿನಾ ನನ್ನ ಮಗ್ಗ ಬಂದ್, ಅವರು ಎದ್ದು ಹೋಗ್ರಿ ಅನ್ನುವವರೆಗೆ. ಮಗ ಗೊಣಗಿದ. ‘ಯವ್ವ, ಆಕಿ ಕಿವಿ ಹೋದ್ರ ನಮ್ಮ ಮಗ್ಗ ಯಾಕ ನಿಲ್ಲಬೇಕು?’ ಅಂದ. ‘ನಿನ್ನ ಹೆಂಡತಿ ಎಳಿ ಹರಿಯೂದು ನಿಲ್ಲಬೇಕಲ್ಲ, ಅದಕ್ಕ’ ಅಂದೆ. ಸೀರೆ ಹಿಂದೆ ಬಿದ್ದವು. ನಸುಕಿನಲ್ಲಿ ಎದ್ದು ಸರಿಮಾಡಿಕೊಂಡೆವು.

ಕೇಳಿಸದ ಅಕ್ಕೋರಿಗೆ ಉತ್ತರ ಹೇಳುವುದು ಹೇಗೆ? ಹುಡುಗಿಯರು ಮಗ್ಗದವರ ಮಕ್ಕಳು, ಕೈಯಲ್ಲೇ ಹೇಳಲು ಹತ್ತಿದರು. ಹುಳಿ ತಿಂದ ಹಾಗೆ ಮುಖ ಕಿವುಚಿದರೆ ಆಮ್ಲ. ಎಲೆಗೆ ಸುಣ್ಣ ಸವರುವ ಹಾಗೆ ಅಂಗೈ ಮೇಲೆ ಬೆರಳು ಎಳೆದರೆ ಪ್ರತ್ಯಾಮ್ಲ. ಚಿಟಿಕೆ ಹಿಡಿದರೆ ಲವಣ, ಬೊಗಸೆ ಬಾಯಿಗಿಟ್ಟರೆ ನೀರು. ಅಕ್ಕೋರಿಗೆ ಇದು ಭಾಳ ಸೇರಿತು. ‘ಇಷ್ಟ ವರ್ಷ ನೀವು ಬಾಯಿಲೆ ತಪ್ಪ ಹೇಳ್ತಿದ್ರಿ, ಈಗ ಕೈಲೆ ಬರೋಬ್ಬರಿ ಹೇಳಾಕತ್ತೀರಿ’ ಎಂದು ನಗುತ್ತಿದ್ದರು. ಕಿವಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾವೂ ಆಡಲಿಲ್ಲ.

ಒಂದು ದಿನ ನನ್ನನ್ನೂ ಕರೆದರು. ಆರತಿ ನೀರು ಮಾಡು ಅಂದರು. ಮದುವೆ, ಸೀಮಂತ ಅಂತ ಎಷ್ಟು ಮಾಡಿಲ್ಲ. ಅರಿಷಿಣದ ನೀರಿಗೆ ಚೂರು ಸುಣ್ಣ ಹಾಕಿದೆ, ಕೆಂಪಾಯಿತು. ಅದನ್ನು ಗಾಜಿನ ಕೊಳವೆಗೆ ಹೊಯ್ದು, ಕೋನಿನಲ್ಲಿ ನಿಲ್ಲಿಸಿ, ಅರ್ಧ ಲಿಂಬೆಹಣ್ಣು ಹಿಂಡಿದರು. ನೀರು ಮತ್ತೆ ಹಳದಿ ಆಯಿತು.

‘ಅಯ್ಯ ಅಕ್ಕೋರ, ಆರತಿ ನೀರಿಗಿ ಹಿಂಗ ಮಾಡಬಾರ್ದ್ರಿ, ಅಪಶಕುನ’ ಎಂದು ಕೈಯಾಡಿಸಿ ಹೇಳಿದೆ.

‘ಶಕುನ ಅಲ್ಲಬೇ, ಹುಳಿ’ ಅಂದರು. ಮತ್ತೆ ಸುಣ್ಣ ಹಾಕಿದರು, ಮತ್ತೆ ಕೆಂಪು. ಹುಡುಗಿಯರು ಮುಖ ಕಿವುಚುತ್ತ, ಅಂಗೈ ಸವರುತ್ತ ಕೂತಿದ್ದರು. ನಾನು ಅಲ್ಲಿಯೇ ಸ್ವಲ್ಪ ಹೊತ್ತು ನಿಂತೆ. ಅರ್ಥ ಆಯಿತು ಅನ್ನುವುದಿಲ್ಲ. ನೋಡಲಿಕ್ಕೆ ಚೆನ್ನಾಗಿತ್ತು. ಆ ಕೊಳವೆಯನ್ನು ತೊಳೆಯಲು ಸೊಸೆ ಮನೆಗೆ ತಂದಳು. ತೊಳೆಯಲಿಲ್ಲ, ತಿರುಗಿ ಕೊಡಲೂ ಇಲ್ಲ ಅಂತ ಈಗ ಗೊತ್ತಾಯಿತು.

ಪರೀಕ್ಷೆ ಜಮಖಂಡಿಯಲ್ಲಿ. ಬಸ್ಸಿನಲ್ಲಿ ನಾನೇ ಕರೆದುಕೊಂಡು ಹೋಗಿ, ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದೆ. ಹೊರಗೆ ಬಂದವಳು ನಗುತ್ತಿದ್ದಳು. ಬಾಣದ ಪ್ರಶ್ನೆಯೇ ಬಂದಿತ್ತಂತೆ. ಬೆಂಚಿನ ಕೆಳಗೆ ಅಂಗೈ ಸವರುತ್ತ, ಮುಖ ಕಿವುಚುತ್ತ ಕೂತದ್ದನ್ನು ಕಾವಲಿಗೆ ಇದ್ದ ಮಾಸ್ತರ ನೋಡಿದನಂತೆ.

‘ಯಾರಿಗಿ ಸನ್ನಿ ಮಾಡಾಕತ್ತಿಯವ್ವ?’

‘ಯಾರಿಗೂ ಅಲ್ಲರೀ ಸರ್. ನನಗ ನಾನ.’

ಆತ ಸುತ್ತಮುತ್ತ ನೋಡಿ, ಹೊಟ್ಟೆನೋವು ಇರಬೇಕು ಎಂದುಕೊಂಡು ನೀರು ಕೊಟ್ಟು ಹೋದನಂತೆ.

ಪಾಸಾದಳು. ಅಂಕ ನೋಡಿ ಅಕ್ಕೋರು, ‘ಇಷ್ಟ ಏನು?’ ಅಂದರು. ಆಮೇಲೆ ಹಾಳೆ ಮಡಚಿ ಕೊಟ್ಟು, ‘ಅಂಗನವಾಡಿ ಕೂಸುಗೋಳಿಗಿ ಸಾಕು’ ಅಂದರು. ಜಾಗ ಸಿಕ್ಕಿತು. ಈಗಲೂ ಅಲ್ಲೇ ಇದ್ದಾಳೆ. ನನ್ನ ಎಳೆ ಉಳಿದವು.

ಅಕ್ಕೋರು ಮತ್ತೆ ಮೂರ್ನಾಲ್ಕು ವರ್ಷ ತಾಟು ಬಡಿದರು, ನಾನು ಮಗ್ಗ ನಿಲ್ಲಿಸಿದೆ. ಆಮೇಲೆ ಕಾಲು ಸೋತಿತು. ತಮ್ಮನ ಮಗ ಬಂದು ವಿಜಯಪುರಕ್ಕೆ ಕರೆದುಕೊಂಡು ಹೋದ. ಹೋಗುವಾಗ ತಾಟನ್ನು ನನ್ನ ಕೈಗೆ ಕೊಟ್ಟು, ‘ಉಣ್ಣಾಕ ಬರತೈತಿ, ತಗ್ಗ ಬಿದ್ದಾವ ಅಷ್ಟ’ ಅಂದರು. ಅಲ್ಲೇ ತೀರಿಕೊಂಡರು. ನಮಗೆ ಸುದ್ದಿ ಬಂದದ್ದು ಮೂರು ದಿನದ ಮೇಲೆ. ಮಣ್ಣಿಗೆ ಹೋಗಲಿಕ್ಕೆ ಆಗಲಿಲ್ಲ. ಮನೆಯನ್ನು ಒಬ್ಬ ನೂಲಿನ ವ್ಯಾಪಾರಿ ತೆಗೆದುಕೊಂಡು ಗೋಡೌನ್ ಮಾಡಿದ. ಪಡಸಾಲೆಯ ತುಂಬ ಕೋನಿನ ಚೀಲ.

ಮೊನ್ನೆ ಕೊಳವೆ ಸಿಕ್ಕ ಸಂಜೆ, ಸೊಸೆ ಅಂಗನವಾಡಿಯಿಂದ ಬಂದ ಮೇಲೆ ತೋರಿಸಿದೆ. ಕೈಯಲ್ಲಿ ಹಿಡಿದು ತಿರುಗಿಸಿದಳು. ‘ಪಾಪ, ಕಡೀತನಕ ಅಕ್ಕೋರಿಗಿ ಗೊತ್ತ ಆಗಲಿಲ್ಲ, ಕರೆಂಟ್ ಇರತಿತ್ತು ಅಂತ’ ಅಂದೆ.

‘ಗೊತ್ತಿತ್ತಲ್ಲ ಅತ್ತಿ’ ಅಂದಳು.

‘ಏನ ಗೊತ್ತಿತ್ತು?’

‘ಮೊದಲನೇ ದಿವಸ ಒಂದ ಅಷ್ಟ ಗೊತ್ತ ಇರಲಿಲ್ಲ. ಮರುದಿವಸದಿಂದ ತಾಟ ಬಡದು ಒಳಗ ಬಂದು ಗೋಡಿಗಿ ಅಂಗೈ ಹಚ್ಚಿ ನಿಂದರತಿದ್ರು. ಗೋಡಿ ನಡಗೂದು ನಿಂತ ಮ್ಯಾಲೇ ಪಾಠ ಸುರು. ನೀವು ಒಂದೊಂದ ಮಗ್ಗ ನಿಲ್ಸಿದಂಗ ಬೆರಳ ಮಡಚತಿದ್ರು, ಒಂದು, ಎರಡು ಅಂತ.’

ನಾನು ಆಕೆಯ ಕೈಯಿಂದ ಕೊಳವೆ ತೆಗೆದುಕೊಂಡೆ. ‘ಮತ್ತ ಇಷ್ಟ ವರ್ಷ ಯಾಕ ಹೇಳಲಿಲ್ಲ?’

‘ಅಕ್ಕೋರ ಬ್ಯಾಡಂದಿದ್ರು. ನನಗ ತಿಳದೈತಿ ಅಂತ ಆಕಿಗಿ ಹೇಳಬ್ಯಾಡ್ರಿ, ಹೇಳಿದ್ರ ಆಕಿ ಮಗ್ಗ ಹಚ್ಚತಾಳ ಅಂದಿದ್ರು.’

ಖರೆ. ಹಚ್ಚುತ್ತಿದ್ದೆ.

ಮರುದಿನ ಬೆಳಿಗ್ಗೆ ಮಗ ಮಗ್ಗ ಹಚ್ಚಿದ ಮೇಲೆ ನಾನು ಗೋಡೌನಿಗೆ ಹೋದೆ. ಹಮಾಲ ಚೀಲ ಇಳಿಸುತ್ತಿದ್ದ. ‘ಏನಬೇ ಆಯಿ, ಏನ ಬೇಕಿತ್ತು?’ ಅಂದ. ಏನಿಲ್ಲ ಅಂದೆ. ಪಡಸಾಲೆಯ ಗೋಡೆಯ ಹತ್ತಿರ ಎರಡು ಚೀಲ ಸರಿಸಿ, ಅಂಗೈ ಹಚ್ಚಿ ನಿಂತೆ. ಆ ಗೋಡೆಯನ್ನು ಆ ಕಡೆಯಿಂದ ನಾನು ಯಾವತ್ತೂ ಮುಟ್ಟಿರಲಿಲ್ಲ. ಮೊಣಕೈವರೆಗೆ ನಡುಗುತ್ತಿತ್ತು. ನಾಲ್ಕು ಮಗ್ಗದ ನಡುಕ ಬೇರೆ ಬೇರೆ ತಿಳಿಯುತ್ತಿತ್ತು. ಮೂರನೆಯದು ಸ್ವಲ್ಪ ಎಳೆದು ಬಡಿಯುತ್ತಿತ್ತು. ಮನೆಗೆ ಬಂದು ಅದನ್ನು ನಿಲ್ಲಿಸಿ, ಎಣ್ಣೆ ಬಿಟ್ಟು, ಮತ್ತೆ ಹಚ್ಚಿದೆ.